ಪಕ್ಕದ ಸೀಟು ಒಂದೇ

ಮಾರ್ಚ್ 2, ಶನಿವಾರ

ದೊಡ್ಡ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡದ್ದು 10.04. ಮನೆಗೆ ತಂದು ಬಿಟ್ಟದ್ದು 10.31. ಮತ್ತೆ ಹೋಗಿ ಚಿಕ್ಕವಳನ್ನು ಕೂರಿಸಿಕೊಂಡದ್ದು 10.58. ಮನೆ ತಲುಪಿದ್ದು 11.24. ಸಂಜೆ ಚಿಕ್ಕವಳನ್ನು ವಾಪಸ್ ಒಪ್ಪಿಸಿದ್ದು 5.09, ದೊಡ್ಡವಳನ್ನು 6.02. ಎರಡು ನಿಮಿಷ ತಡ. ಅದಕ್ಕೂ ಒಂದು ಮಾತು ಕೇಳಬೇಕಾಯಿತು.

ಹೀಗೆ ಬರೆದಿಡಿ ಎಂದು ವಕೀಲರು ಹೇಳಿದ್ದಾರೆ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಬಿದ್ದಿದ್ದ ಹಳೆಯ ಡೈರಿಯೊಂದನ್ನು ತಂದಿದ್ದೇನೆ. ಗಂಟೆ ನಿಮಿಷಗಳನ್ನು ಬೇರೆ ಹಾಳೆಗೆ ಇಳಿಸಿ ಅವರಿಗೆ ಕೊಡುತ್ತೇನೆ, ಉಳಿದದ್ದು ನನಗೆ. ಇದನ್ನು ಯಾರಾದರೂ ಓದಿದರೆ ನನಗೆ ಮಕ್ಕಳಿರಲಿ, ನಾಯಿಮರಿಯನ್ನೂ ನಂಬಿ ಕೊಡಲಾರರು.

ಗುರುವಾರ ಕೋರ್ಟಿನಲ್ಲಿ ಅವಳ ವಕೀಲ ಎದ್ದು ನಿಂತು, ಮಕ್ಕಳು ಎರಡು, ಪಕ್ಕದ ಸೀಟು ಒಂದು, ಈ ಮನುಷ್ಯನಿಗೆ ತನಗೆ ಎಷ್ಟು ಮಕ್ಕಳೆಂಬುದೇ ಗೊತ್ತಿಲ್ಲ ಎಂದ. ಎಲ್ಲರೂ ನಕ್ಕರು. ಫೈಲು ಹೊರುವವನೂ ನಕ್ಕ. ನನ್ನ ವಕೀಲರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಅವಳೊಬ್ಬಳು ನಗದೆ ನೆಲ ನೋಡುತ್ತಿದ್ದಳು. ಅದು ನನಗೆ ಇನ್ನೂ ಉರಿಯಿತು.

ಅವಳು ಎಂದರೆ ಮಕ್ಕಳ ತಾಯಿ. ಹದಿನೈದು ವರ್ಷ ಸಂಸಾರ ಮಾಡಿ ಕಳೆದ ವರ್ಷ ಬೇರೆಯಾದೆವು. ಮನೆ, ದೊಡ್ಡ ಕಾರು, ಮಕ್ಕಳು ಅವಳ ಕಡೆ ಉಳಿದವು. ನಾನು ಎರಡು ಪೆಟ್ಟಿಗೆ ಹಿಡಿದುಕೊಂಡು ಹೊರಗೆ ಬಂದು, ಮಾರನೆಯ ವಾರವೇ ಈ ಕಾರು ಕೊಂಡೆ. ಎರಡೇ ಸೀಟು. ಬಟ್ಟೆಯ ಟಾಪ್ ಮಡಚಿ ಹಿಂದಕ್ಕೆ ಹಾಕಿದರೆ ತಲೆಯ ಮೇಲೆ ಆಕಾಶ. ಬಣ್ಣ ಹಳದಿ, ವಯಸ್ಸು ಹದಿನೇಳು. ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನ ಯಜಮಾನರು, ನಾವೆಲ್ಲ ತಂತಿ ಡಾಕ್ಟರ್ ಎಂದು ಕರೆಯುವ ದಂತವೈದ್ಯರು, ಸೊಂಟ ಹಿಡಿದುಕೊಳ್ಳುತ್ತದೆ ಎಂದು ಅದನ್ನು ಮಾರುತ್ತಿದ್ದರು. ಆಗ ನನಗೆ ಬೇಕಿದ್ದದ್ದೂ ಅಷ್ಟೇ. ಒಂದು ಸೀಟು ನನಗೆ, ಒಂದು ನನ್ನ ಸಿಟ್ಟಿಗೆ. ಶನಿವಾರದ ಹಗಲು ಮಕ್ಕಳನ್ನು ಕರೆದುಕೊಂಡು ಹೋಗಬಹುದು ಎಂದು ಕೋರ್ಟು ಹೇಳಿದ್ದು ಆಮೇಲೆ.

ಮೇ ಒಂಬತ್ತಕ್ಕೆ ಮುಂದಿನ ವಿಚಾರಣೆ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಮಕ್ಕಳು ನನ್ನ ಜೊತೆ ಇರಬಹುದೋ ಇಲ್ಲವೋ ಅಂದು ತೀರ್ಮಾನವಾಗುತ್ತದೆ. ಕಾರು ಮಾರಿಬಿಡಿ ಎಂದರು ವಕೀಲರು. ನನ್ನ ಹೆಣ ಬಿದ್ದರೂ ಮಾರುವುದಿಲ್ಲ ಎಂದೆ. ಅವಳ ವಕೀಲ ನಕ್ಕ ಎಂದು ನಾನು ಕಾರು ಮಾರಬೇಕೇ? ಎರಡು ಸಲ ಹೋಗುತ್ತೇನೆ, ಎರಡು ಸಲ ಬರುತ್ತೇನೆ. ಪೆಟ್ರೋಲು ನನ್ನದು, ಕಾಲು ನನ್ನದು.

ಮಾರ್ಚ್ 5, ಮಂಗಳವಾರ

ಮಳೆ. ಟಾಪ್ ಹಾಕಿಯೇ ಇತ್ತು, ಆದರೂ ಪಕ್ಕದ ಸೀಟಿನ ಕೆಳಗೆ ಒಂದು ಬೋಗುಣಿ ನೀರು. ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವನನ್ನು ಇಕ್ಕಳ ಎನ್ನುತ್ತಾರೆ, ಅದು ಕೈಯಲ್ಲಿಲ್ಲದೆ ಅವನಿಗೆ ಮಾತೇ ಬರುವುದಿಲ್ಲ. ಟಾಪಿನ ನೀರು ಇಳಿಯುವ ತೂತಿನಲ್ಲಿ ಎಲೆ ಕಸ ಸೇರಿದೆ, ತಂತಿ ಬಿಟ್ಟು ತೆಗೆದಿದ್ದೇನೆ, ಮತ್ತೆ ಸೇರುತ್ತದೆ ಎಂದ. ಎರಡನೇ ಗೇರಿನ ವಿಷಯ ಕೇಳಿದೆ. ಬೆಳಿಗ್ಗೆ ಎಂಜಿನ್ ಬಿಸಿಯಾಗುವವರೆಗೆ ಅದು ಬೀಳುವುದಿಲ್ಲ, ಕರಕರ ಅನ್ನುತ್ತದೆ. ನೀವು ಬಲ ಹಾಕ್ತೀರಿ, ಅದಕ್ಕೆ ಎಂದ. ಬಲ ಹಾಕದೆ ಹೂವು ಮುಡಿಸಬೇಕಾ ಅದಕ್ಕೆ?

ಮಾರ್ಚ್ 9, ಶನಿವಾರ

10.01, 10.29. 10.55, 11.22. 5.07, 5.59.

ದೊಡ್ಡವಳಿಗೆ ಹದಿನಾಲ್ಕು. ಕಾರಿಗೆ ಹತ್ತಿದ ಕೂಡಲೇ ಟಾಪ್ ಹಾಕು ಎಂದಳು. ಬಿಸಿಲಿದೆ, ಗಾಳಿಯಿದೆ, ಯಾಕೆ ಹಾಕಬೇಕು ಎಂದೆ. ತನ್ನ ಕ್ಲಾಸಿನವರು ನೋಡಿದರೆ ಜೋಕರ್ ಕಾರು ಅನ್ನುತ್ತಾರಂತೆ. ಅನ್ನಲಿ ಎಂದೆ. ಮುಖ ಊದಿಸಿಕೊಂಡು, ಗಲ್ಲ ಬೆಲ್ಟಿನ ಮಟ್ಟಕ್ಕೆ ಬರುವ ಹಾಗೆ ಜಾರಿ ಕೂತಳು. ದೊಡ್ಡ ರಸ್ತೆಗೆ ಬಂದ ಮೇಲೆ ಗಾಳಿ ಜೋರಾಯಿತು. ಆಗ ಅವಳು ಮುಂದೆ ನೋಡಿಕೊಂಡು ಏನೋ ಹೇಳಿದಳು. ನನಗೆ ಹೇಳಿದಂತಿರಲಿಲ್ಲ, ಗಾಳಿಗೆ ಹೇಳಿದಂತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಏನೆಂದೆ ಎಂದು ಕೇಳಿದೆ. ಏನಿಲ್ಲ ಎಂದಳು. ಮತ್ತೆ ಹೊರಟೆ, ಮತ್ತೆ ಹೇಳಿದಳು. ಈ ಸಲ ಕೇಳಿಸಿತು. ಗಣಿತದಲ್ಲಿ ಫೇಲಾಗಿದ್ದಾಳೆ.

ಆ ಗಾಳಿಯಲ್ಲಿ ನಾನು ಏನಂದರೂ ಕೇಳಿಸುತ್ತಿರಲಿಲ್ಲ. ಮಗಳು ಫೇಲಾಗುವವರೆಗೆ ತಾಯಿ ಏನು ಮಾಡುತ್ತಿದ್ದಳು? ನನಗೊಂದು ಮಾತು ತಿಳಿಸಬೇಡವೇ? ಇದನ್ನು ಬರೆದಿಟ್ಟುಕೊಂಡಿದ್ದೇನೆ. ತಾರೀಖು ಸಮೇತ.

ಮಾರ್ಚ್ 16, ಶನಿವಾರ

ಸಮಯ ಹಾಳಾಗಿ ಹೋಗಲಿ, ಆಮೇಲೆ ಬರೆಯುತ್ತೇನೆ.

ಚಿಕ್ಕವಳಿಗೆ ಒಂಬತ್ತು. ಪಕ್ಕದ ಸೀಟಿನಲ್ಲಿ ದಿಂಬು ಹಾಕಿಕೊಂಡು ರಾಣಿಯ ಹಾಗೆ ಕೂರುತ್ತಾಳೆ. ಬಸ್ಸಿನಲ್ಲಿದ್ದವರಿಗೆಲ್ಲ ಕೈ ಬೀಸುತ್ತಾಳೆ, ಅವರು ಬೀಸಿದರೆ ಲೆಕ್ಕ ಇಡುತ್ತಾಳೆ. ಇವತ್ತು ಹನ್ನೊಂದು ಜನ ಬೀಸಿದರು. ಹನ್ನೊಂದನೆಯವನು ಮೂಟೆ ಹೊತ್ತಿದ್ದವನು, ಕೈ ಖಾಲಿಯಿಲ್ಲದೆ ಕಾಲು ಬೀಸಿದ. ಅವಳು ತಲೆ ಹಿಂದಕ್ಕೆ ಹಾಕಿ ಬಿದ್ದು ಬಿದ್ದು ನಕ್ಕಳು. ಟಾಪ್ ಇಲ್ಲ, ಬಿಸಿಲು ನೇರ ಬಾಯಿಯೊಳಕ್ಕೆ ಬಿತ್ತು. ಇಪ್ಪತ್ತು ವರ್ಷ ಹಲ್ಲಿನ ಅಚ್ಚು ನೋಡಿದ ಕಣ್ಣು ಇದು. ಕೋರೆಹಲ್ಲಿನ ಚೂಪು ಎರಡೂ ಕಡೆ ಸವೆದು ಚಪ್ಪಟೆ. ದವಡೆ ಹಲ್ಲಿನ ಮೇಲೂ ಉಜ್ಜಿದ ಗುರುತು. ಮಗು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದೆ. ಒಂದೆರಡು ದಿನದ್ದಲ್ಲ, ತಿಂಗಳುಗಟ್ಟಲೆಯದು.

ಪಿತ್ತ ನೆತ್ತಿಗೇರಿತು. ಸಂಜೆ ದೊಡ್ಡವಳನ್ನು ಒಪ್ಪಿಸುವಾಗ ಬಾಗಿಲಲ್ಲೇ ನಿಂತು ಕೇಳಿದೆ. ಮಗು ಹಲ್ಲು ಕಡಿಯುವುದು ನಿನಗೆ ಕೇಳಿಸುವುದಿಲ್ಲವಾ, ದೊಡ್ಡವಳು ಗಣಿತದಲ್ಲಿ ಫೇಲಾದದ್ದು ನಿನಗೆ ಕಾಣುವುದಿಲ್ಲವಾ, ಏನು ನೋಡಿಕೊಳ್ಳುತ್ತೀಯ ನೀನು ಎಂದೆ. ಫೇಲಾದ ವಿಷಯ ಅವಳಿಗೆ ಗೊತ್ತಿರಲಿಲ್ಲ ಎಂದು ಮುಖ ನೋಡಿದ ಮೇಲೆ ತಿಳಿಯಿತು. ದೊಡ್ಡವಳು ನಮ್ಮಿಬ್ಬರ ನಡುವೆ ನಿಂತಿದ್ದಳು. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ನಾವಿಬ್ಬರೂ ಹತ್ತು ನಿಮಿಷ ಬಾಯಿಗೆ ಬಂದದ್ದು ಆಡಿದೆವು. ಎದುರು ಮನೆಯವರು ಕಸದ ಬುಟ್ಟಿ ಇಡುವ ನೆಪದಲ್ಲಿ ಎರಡು ಸಲ ಹೊರಗೆ ಬಂದರು.

ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿತ್ತೇ?

ಮಾರ್ಚ್ 18, ಸೋಮವಾರ

ಚಿಕ್ಕವಳ ಹಲ್ಲಿಗೆ ರಾತ್ರಿ ಹಾಕಿಕೊಳ್ಳುವ ಕವಚವೊಂದನ್ನು ಮಾಡುತ್ತೇನೆ, ಅಚ್ಚು ತೆಗೆದುಕೊಡಿ ಎಂದು ತಂತಿ ಡಾಕ್ಟರನ್ನು ಕೇಳಿದೆ. ಅವರು ಬೇಡ ಎಂದರು. ಸವೆದಿರುವುದು ಹಾಲುಹಲ್ಲು, ಬಿದ್ದು ಬೇರೆ ಬರುತ್ತದೆ, ಬೆಳೆಯುವ ಬಾಯಿಗೆ ಅದನ್ನೆಲ್ಲ ತೊಡಿಸಬಾರದು ಎಂದರು. ಹಾಗಾದರೆ ಏನು ಮಾಡಲಿ ಎಂದೆ. ನನ್ನ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ, ಬಾಯಿ ತೆಗಿ ಎಂದರು. ನೋಡಿ, ಕೈಬಿಟ್ಟರು. "ಅವಳದ್ದು ಬೀಳುತ್ತೆ, ಹೊಸದು ಬರುತ್ತೆ. ನಿನ್ನದು ಬರಲ್ಲ. ಮೊದಲು ನಿನ್ನದು ನೋಡ್ಕೊ."

ಇವರು ಸೊಂಟ ನೋವು ಎಂದು ನೀರು ಸೋರುವ ಕಾರನ್ನು ನನ್ನ ತಲೆಗೆ ಕಟ್ಟಿದವರು. ಇವರ ಬುದ್ಧಿಮಾತು ಬೇರೆ.

ವಕೀಲರಿಗೆ ಫೋನ್ ಮಾಡಿ ಹಲ್ಲು, ಗಣಿತ ಎರಡನ್ನೂ ಹೇಳಿದೆ. ಬಹಳ ಒಳ್ಳೆಯದಾಯಿತು ಎಂದರು. ಮಗು ಹಲ್ಲು ಕಡಿಯುವುದರಲ್ಲಿ ಏನು ಒಳ್ಳೆಯದು ಕಂಡಿತೋ ಈ ಮನುಷ್ಯನಿಗೆ. ಅರ್ಜಿಯಲ್ಲಿ ಸೇರಿಸುತ್ತಾರಂತೆ.

ಮಾರ್ಚ್ 23, ಶನಿವಾರ

10.00. ಬಾಗಿಲಲ್ಲಿ ಚಿಕ್ಕವಳೊಬ್ಬಳೇ. ಅಕ್ಕನಿಗೆ ತಲೆನೋವಂತೆ. ಒಳಗೆ ಟಿವಿಯ ಸದ್ದು ಕೇಳಿಸುತ್ತಿತ್ತು.

ಒಂದೇ ಸಲ ಹೋಗಿ ಬಂದೆ.

ಮಾರ್ಚ್ 30, ಶನಿವಾರ

ದೊಡ್ಡವಳು ಬಂದಳು. ಅರ್ಧ ದಾರಿಗೆ ಮಳೆ ಹಿಡಿಯಿತು. ಮೇಲ್ಸೇತುವೆಯ ಕೆಳಗೆ ನಿಲ್ಲಿಸಿ ಟಾಪ್ ಎಳೆದೆ. ಎಡಗಡೆಯ ಕೊಂಡಿ ಕೂರಲೇ ಇಲ್ಲ. ಗುದ್ದಿದೆ, ಬೈದೆ. ಅವಳು ಕೈ ಚಾಚಿ, ಬಟ್ಟೆಯನ್ನು ಒಂದಿಷ್ಟು ಕೆಳಗೆ ಎಳೆದು ಕೊಂಡಿ ಕೂರಿಸಿದಳು. ಸಣ್ಣ ಕೆಲಸ. ಅಷ್ಟು ಹೊತ್ತಿಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಹೊರಡುವ ಹಾಗಿರಲಿಲ್ಲ, ಹಿಂದಿನ ಪ್ಲಾಸ್ಟಿಕ್ ಕಿಟಕಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಆ ಡಬ್ಬಿಯೊಳಗೆ ಕೂತೆವು. ಗಣಿತದ ಬಗ್ಗೆ ಬೇಕಿದ್ದರೆ ನಾನು ಹೇಳಿಕೊಡುತ್ತೇನೆ ಎಂದೆ.

"ನಿನಗೆ ಹೇಳಿದ್ದನ್ನ ನೀನು ಅಮ್ಮನ ಮುಖಕ್ಕೆ ಎಸೆದೆ. ನಾನೇ ಹೇಳ್ತಿದ್ದೆ ಅವಳಿಗೆ. ಭಾನುವಾರ ಹೇಳೋಣ ಅಂತಿದ್ದೆ."

ನಿನ್ನ ಒಳ್ಳೆಯದಕ್ಕೇ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಆ ಕಡೆ ನೋಡಿಕೊಂಡೇ, ತಂಗಿ ದಿನಾ ಹಲ್ಲು ಕಡಿಯುವುದಿಲ್ಲ ಎಂದಳು. ಅವರಿಬ್ಬರೂ ಒಂದೇ ಕೋಣೆಯಲ್ಲಿ ಮಲಗುವುದು.

"ಶುಕ್ರವಾರ ಮಾತ್ರ ಕಡೀತಾಳೆ. ಬೆಳಗಾದ್ರೆ ನೀನು ಬಾಗಿಲಿಗೆ ಬರ್ತೀಯಲ್ಲ, ಅದಕ್ಕೆ."

ನಾನೇನು ಹುಲಿಯಾ ಎಂದು ಕೇಳಿದೆ. ನೀನೊಬ್ಬನೇ ಅಲ್ಲ, ಬಾಗಿಲಲ್ಲಿ ನೀವಿಬ್ಬರೂ ಎಂದಳು. ಮಳೆ ನಿಂತಿತು, ಹೊರಟೆವು.

ಎಲ್ಲ ಅವರಮ್ಮ ಕಲಿಸಿಕೊಟ್ಟ ಮಾತು ಎಂದು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಕಲಿಸಿಕೊಟ್ಟ ಮಾತು ಹಾಗಿರುವುದಿಲ್ಲ.

ಏಪ್ರಿಲ್ 1, ಸೋಮವಾರ

ಹಲ್ಲು ಮತ್ತು ಗಣಿತ ಎರಡನ್ನೂ ಅರ್ಜಿಯಿಂದ ತೆಗೆಯಿರಿ ಎಂದು ವಕೀಲರಿಗೆ ಹೇಳಿದೆ. ಅದೇ ನಮ್ಮ ಬಲವಾದ ಅಂಶ ಎಂದು ರೇಗಿದರು. ನಾನೂ ರೇಗಿದೆ. ಫೀಸು ತೆಗೆದುಕೊಳ್ಳುವುದು ನೀವು, ಹಲ್ಲು ನನ್ನ ಮಗಳದ್ದು ಎಂದೆ. ತೆಗೆದಿದ್ದಾರಂತೆ.

ಇನ್ನು ಮೇಲೆ ಮೆಟ್ಟಿಲು ಹತ್ತುವುದಿಲ್ಲ. ಗೇಟಿನ ಹತ್ತಿರ ಕಾರು ನಿಲ್ಲಿಸಿ ದೊಡ್ಡವಳಿಗೆ ಫೋನ್ ಮಾಡುತ್ತೇನೆ, ಬರಲಿ. ಅವರಮ್ಮನ ಮುಖ ನೋಡುವ ದರ್ದು ನನಗೇನಿಲ್ಲ.

ಏಪ್ರಿಲ್ 6, ಶನಿವಾರ

ಹತ್ತು ಗಂಟೆಗೆ. ಆಮೇಲಿನದ್ದು ನೋಡಲಿಲ್ಲ.

ದೊಡ್ಡವಳಿಗೆ ಎರಡನೇ ಗೇರಿನ ಸದ್ದು ಕೇಳಿ ಕೇಳಿ ಸಾಕಾಗಿದೆಯಂತೆ. ನಾನು ಕ್ಲಚ್ ಒತ್ತುತ್ತೇನೆ, ಅಷ್ಟು ಗೊತ್ತಿದ್ದರೆ ನೀನೇ ಹಾಕು ಎಂದು ಸಿಟ್ಟಿನಲ್ಲಿ ಅಂದೆ. ಹಾಕಿದಳು. ಮೊದಲನೆಯದರಿಂದ ತೆಗೆದು, ನಡುವೆ ಒಂದು ಕ್ಷಣ ಸುಮ್ಮನೆ ಇಟ್ಟುಕೊಂಡು, ಆಮೇಲೆ ಎರಡು ಬೆರಳಲ್ಲಿ ತಳ್ಳಿದಳು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಯಿತು. "ದಬ್ಬಬೇಡ ಅಪ್ಪ. ಅದು ಬರುತ್ತೆ, ನೀನು ಬಿಡಲ್ಲ ಅಷ್ಟೆ." ಮನೆಯವರೆಗೂ ಎಲ್ಲ ಗೇರೂ ಅವಳೇ ಹಾಕಿದಳು. ಸಾಲದು ಎಂದು ಕಾಲೇಜು ರಸ್ತೆಯಲ್ಲಿ ಒಂದು ಸುತ್ತು ಜಾಸ್ತಿ ಹೊಡೆದೆವು. ಕ್ಲಾಸಿನ ಹುಡುಗಿಯರು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಟಾಪ್ ಹಾಕು ಅನ್ನಲಿಲ್ಲ.

ಕೆಳಗಿನ ಮನೆಯ ಟೈಲರಮ್ಮ, ನಾನು ಇನ್ನೊಬ್ಬಳನ್ನು ಕರೆತರಲು ಹೋದಾಗ ಮನೆಯಲ್ಲಿರುವವಳನ್ನು ನೋಡಿಕೊಳ್ಳುವವರು, ಇವತ್ತು ಯಾಕೆ ತಡ ಎಂದು ಕೇಳಿದರು. ಟ್ರಾಫಿಕ್ ಎಂದೆ. ದೊಡ್ಡವಳು ನನ್ನ ಮುಖ ನೋಡಿ ನಕ್ಕಳು. ಚಿಕ್ಕವಳನ್ನು ಕರೆತರುವಾಗ ಅವಳೂ ಸುತ್ತಿನ ದಾರಿ ಕೇಳಿದಳು, ಅಕ್ಕ ಫೋನಿನಲ್ಲಿ ಹೇಳಿಬಿಟ್ಟಿದ್ದಾಳೆ. ಒಬ್ಬಳಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೂ ಕೊಡದೆ ಇದ್ದರೆ ನನ್ನನ್ನು ಹುರಿದು ತಿನ್ನುತ್ತವೆ ಇವು. ಅವಳಿಗೆ ಗೇರು ಬೇಡ, ಪ್ರಶ್ನೆ ಬೇಕು. ಸತ್ತವರ ಕಟ್ಟುಹಲ್ಲನ್ನು ಏನು ಮಾಡುತ್ತಾರೆ? ನೀನು ಮಾಡಿದ ಹಲ್ಲು ನಗುವಾಗ ನಿನ್ನ ಹಾಗೆ ನಗುತ್ತದಾ ಅವರ ಹಾಗೆ ನಗುತ್ತದಾ? ಇಪ್ಪತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ಕೇಳಿರಲಿಲ್ಲ.

ಏಪ್ರಿಲ್ 16, ಮಂಗಳವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕೋರ್ಟು ಕಳಿಸಿದ ಸಮಾಲೋಚಕಿ ಮನೆ ನೋಡಲು ಬಂದಿದ್ದರು. ಎರಡು ಕೋಣೆ ನೋಡಿದರು, ಮಕ್ಕಳ ಹಾಸಿಗೆ ನೋಡಿದರು, ಅಡುಗೆಮನೆಯ ಚಾಕು ಎಲ್ಲಿಡುತ್ತೀರಿ ಎಂದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಕಿಟಕಿಯಿಂದ ಕೆಳಗೆ ನೋಡಿ, ಅದೇನಾ ಕಾರು ಎಂದರು. ಹೌದು, ಮಾರುವುದಿಲ್ಲ, ಶನಿವಾರ ಎರಡು ಸಲ ಓಡಾಡಲು ನನಗೇನೂ ಕಷ್ಟವಿಲ್ಲ ಎಂದು ಕೇಳುವ ಮೊದಲೇ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಕೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ.

"ಸರ್, ರಾತ್ರಿ ಹೊತ್ತು ಒಂದು ಮಗುವಿಗೆ ಜ್ವರ ಬಂತು ಅಂತ ಇಟ್ಕೊಳ್ಳಿ. ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಗುವನ್ನ ಏನು ಮಾಡ್ತೀರಿ?"

ಟೈಲರಮ್ಮ ಎಂದೆ. ಅವರು ಊರಲ್ಲಿಲ್ಲದಿದ್ದರೆ ಎಂದರು. ಬಾಡಿಗೆ ಕಾರು ಎಂದೆ. ಬರುವುದು ತಡವಾದರೆ ಎಂದರು. ಆಕೆ ಬರೆದುಕೊಂಡು ಹೋದರು.

ವಕೀಲರು ಫೋನ್ ಮಾಡಿ ಮೇ ಒಂಬತ್ತರೊಳಗೆ ಅದನ್ನು ತೊಲಗಿಸಿ, ಆ ಕಡೆಯವರ ಹತ್ತಿರ ಇರುವ ವಾದ ಅದೊಂದೇ, ಅದು ಹೋದರೆ ಅವರ ಬಾಯಿಗೆ ಬೀಗ ಎಂದರು. ಕಾರಿನ ಮೇಲೆ ಅಷ್ಟು ಆಸೆಯೋ ಮಕ್ಕಳ ಮೇಲೋ ಎಂದೂ ಅಂದರು. ಫೋನ್ ಇಟ್ಟೆ. ಅವರ ಮುಖಕ್ಕೆ ಒಂದು ಬಿಡಬೇಕೆನಿಸಿತು.

ಆಸೆಯಂತೆ ಆಸೆ. ಈ ಕಾರಿನಲ್ಲಿ ಏನಿದೆ ಎಂದು ಇವರಿಗೇನು ಗೊತ್ತು? ನನಗೂ ಸರಿಯಾಗಿ ಗೊತ್ತಿಲ್ಲ. ಹದಿನೈದು ವರ್ಷ ದೊಡ್ಡ ಕಾರು ಓಡಿಸಿದೆ, ಹಿಂದೆ ಕೂತ ಮಕ್ಕಳು ಏನು ಮಾತಾಡುತ್ತಿದ್ದವು ಎಂದು ನೆನಪೇ ಇಲ್ಲ. ಗಲಾಟೆ ಮಾಡಬೇಡಿ ಎಂದು ನಾನು ಹೇಳಿದ್ದಷ್ಟೇ ನೆನಪಿದೆ.

ಆದರೆ ಜ್ವರದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಅದಕ್ಕೇ ಇಷ್ಟು ಸಿಟ್ಟು. ಉತ್ತರ ಇದ್ದಿದ್ದರೆ ಇವರನ್ನೆಲ್ಲ ನೋಡಿ ನಗುತ್ತಿದ್ದೆ.

ಏಪ್ರಿಲ್ 22, ಸೋಮವಾರ

ಮಾರಿದೆ.

ಇಕ್ಕಳನೇ ತೆಗೆದುಕೊಂಡ. ಕೀಲಿ ಕೊಡುವಾಗ ಎರಡನೇ ಗೇರಿನ ವಿಷಯ ಹೇಳಹೊರಟೆ. ನನಗೆ ಗೊತ್ತಿಲ್ಲವಾ ಎಂದ. ನಿನಗೆ ಗೊತ್ತಿಲ್ಲ, ನಡುವೆ ಸ್ವಲ್ಪ ಹೊತ್ತು ಬಿಡಬೇಕು, ದಬ್ಬಬಾರದು ಎಂದು ಜೋರು ಮಾಡಿದೆ. ಇಷ್ಟು ದಿನ ಅದನ್ನು ದಬ್ಬಿದ್ದು ಯಾರು ಎಂಬಂತೆ ನನ್ನನ್ನು ನೋಡಿದ.

ಬದಲಿಗೆ ಬೂದು ಬಣ್ಣದ ನಾಲ್ಕು ಸೀಟಿನ ಕಾರು ತಂದಿದ್ದೇನೆ. ನೀರು ಸೋರುವುದಿಲ್ಲ. ಗೇರು ತಾನೇ ಬೀಳುತ್ತದೆ. ಕುಂದು ಹುಡುಕಿದರೂ ಸಿಗದ ಕಾರು, ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮಕ್ಕಳಿಗೆ ಹೇಳಿಲ್ಲ. ಶನಿವಾರ ನೋಡಿ ಖುಷಿಪಡಲಿ.

ಏಪ್ರಿಲ್ 27, ಶನಿವಾರ

ಖುಷಿಯಂತೆ.

ಗೇಟಿನ ಹತ್ತಿರ ನಿಲ್ಲಿಸಿ ಫೋನ್ ಮಾಡಿ, ಇಬ್ಬರೂ ಒಟ್ಟಿಗೆ ಬನ್ನಿ ಎಂದೆ. ಬಂದವು. ಎದುರಿಗೇ ಇದ್ದ ನನ್ನನ್ನು ಬಿಟ್ಟು ರಸ್ತೆಯ ಆ ತುದಿಯವರೆಗೆ ಹಳದಿ ಕಾರು ಹುಡುಕಿದವು. ನಾನು ಕೈ ಬೀಸಿದೆ. ಚಿಕ್ಕವಳು, ಇದು ಯಾರ ಕಾರು ಎಂದಳು. ನಮ್ಮದು ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ಹಿಂದಿನ ಬಾಗಿಲು ತೆಗೆದು ಕೂತವು. ಮುಂದೆ ಯಾರಾದರೂ ಬನ್ನಿ ಎಂದೆ. ಅವಳು ಮುಂದೆ ಕೂತರೆ ನಾನೂ ಮುಂದೆ ಎಂದು ಜಗಳ ಶುರುವಾಯಿತು, ಕೊನೆಗೆ ಯಾರೂ ಬರಲಿಲ್ಲ. ಇಪ್ಪತ್ತೈದು ನಿಮಿಷ ನನ್ನ ಪಕ್ಕದ ಸೀಟು ಖಾಲಿ. ಹಿಂದೆ ಒಬ್ಬಳು ಫೋನು ನೋಡುತ್ತಿದ್ದಳು, ಇನ್ನೊಬ್ಬಳು ಅದನ್ನು ಕಿತ್ತುಕೊಳ್ಳುತ್ತಿದ್ದಳು. ಗಲಾಟೆ ಮಾಡಬೇಡಿ ಎಂದೆ.

ಮನೆಗೆ ಬಂದ ಮೇಲೆ ದೊಡ್ಡವಳು ಕೋಣೆಯ ಬಾಗಿಲಲ್ಲಿ ನಿಂತು, ಅದನ್ನು ಏನು ಮಾಡಿದೆ ಎಂದು ಕೇಳಿದಳು. ಮಾರಿದೆ, ನಿಮ್ಮಿಬ್ಬರಿಗೋಸ್ಕರವೇ, ಅದಿದ್ದರೆ ನಿಮ್ಮನ್ನು ನನ್ನ ಹತ್ತಿರ ಕಳಿಸುವುದಿಲ್ಲ ಎಂದೆ. ಜ್ವರದ ಕಥೆಯನ್ನೂ ಹೇಳಿದೆ. ಅವಳಿಗೆ ಅರ್ಥವಾಯಿತು, ದಡ್ಡಿಯಲ್ಲ. ಆದರೂ ಕಣ್ಣು ತುಂಬಿಕೊಂಡಿತು, ತುಂಬಿದ್ದಕ್ಕೆ ಅವಳಿಗೇ ಸಿಟ್ಟು ಬಂತು.

"ಕೇಳಬೇಕಿತ್ತು ನನ್ನ. ನಿಂಗೆ ಗೊತ್ತೇ ಇಲ್ಲ. ಅಮ್ಮನ ಹತ್ರ ಯಾವಾಗ್ಲೂ ತಂಗಿ ಇರ್ತಾಳೆ, ನಿನ್ನ ಮನೇಲೂ ಅವಳಿರ್ತಾಳೆ. ಆ ಕಾರಲ್ಲಿ ಅರ್ಧ ಗಂಟೆ ನೀನು ನನಗೊಬ್ಬಳಿಗೇ ಸಿಗ್ತಿದ್ದೆ."

ನಾನು ತಿರುಗಿ ಬೈದುಬಿಟ್ಟೆ. ನನ್ನ ಪಾಡು ನಿನಗೇನು ಗೊತ್ತು, ಆ ಕಾರು ಬಿಟ್ಟುಕೊಡಲು ನನಗೆ ಎಷ್ಟು ಕಷ್ಟವಾಯಿತು ಗೊತ್ತಾ ಎಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಕ್ಕವಳು ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು. ಅವಳ ದವಡೆ ಬಿಗಿದದ್ದು ಕಂಡಿತು. ಇವತ್ತು ಅವಳಮ್ಮನಿರಲಿಲ್ಲ. ಇದ್ದದ್ದು ನಾನೊಬ್ಬನೇ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವಂತೆ. ಬಾಗಿಲ ಹೊರಗೆ ನಿಂತು ತಪ್ಪಾಯಿತು ಎಂದೆ. ಇನ್ನೊಂದು ಸಲವೂ ಅಂದೆ. ಕೇಳಿಸ್ತು ಎಂದಳು.

ಏಪ್ರಿಲ್ 29, ಸೋಮವಾರ

ಇಕ್ಕಳನ ಹತ್ತಿರ ಹೋದೆ. ಬೇರೆಯವನಿಗೆ ಮಾರಿಯಾಗಿದೆಯಂತೆ. ಒಂದೇ ವಾರದಲ್ಲಿ. ಕಳ್ಳ.

ಮೇ 4, ಶನಿವಾರ

ದೊಡ್ಡವಳಿಗೆ ತಲೆನೋವಂತೆ. ಈ ಸಲ ಟಿವಿಯ ಸದ್ದು ಕೇಳುವಷ್ಟು ಹತ್ತಿರವೂ ನಾನಿಲ್ಲ, ಗೇಟಿನ ಹೊರಗೆ. ಚಿಕ್ಕವಳು ಮುಂದೆ ಕೂತಳು. ಈ ಕಾರಿಗೆ ಯಾರೂ ಕೈ ಬೀಸುವುದಿಲ್ಲ ಎಂದಳು.

ಮೇ 9, ಗುರುವಾರ

ಗೆದ್ದೆವು ಎಂದರು ವಕೀಲರು. ಶುಕ್ರವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ, ಪ್ರತಿ ವಾರ. ಅವಳ ವಕೀಲ ಹಳದಿ ಕಾರಿನ ಮಾತು ಎತ್ತಿದ, ನಮ್ಮವರು ಹೊಸ ಕಾರಿನ ಕಾಗದ ಮುಂದಿಟ್ಟರು, ಅವನು ಕೂತ. ಈ ದಿನಕ್ಕಾಗಿ ಎಷ್ಟು ಹಲ್ಲು ಸವೆಸಿದ್ದೆ. ಕೂತವನನ್ನು ನೋಡಿ ಸಂತೋಷವೇ ಆಗಲಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ನನಗೆ ಈಗ ಎರಡು ರಾತ್ರಿ, ಎರಡು ಹಗಲು. ಬಾಗಿಲು ಹಾಕಿಕೊಂಡ ಮಗಳನ್ನು ಇಟ್ಟುಕೊಂಡು ಎರಡು ರಾತ್ರಿ ಏನು ಮಾಡಲಿ?

ಕೋರ್ಟಿನ ಮೊಗಸಾಲೆಯಲ್ಲಿ ಅವಳು ಎದುರಾದಳು. ಪಕ್ಕಕ್ಕೆ ಸರಿದು ಹೋಗುತ್ತಾಳೆ ಎಂದುಕೊಂಡೆ, ನಿಂತಳು.

"ಆ ಕಾರು ಮಾರಬಾರದಿತ್ತು ನೀವು."

ಮಾರಿಸಿದವಳು ನೀನೇ ಅಲ್ಲವೇ, ನಿನ್ನ ವಕೀಲನೇ ಅಲ್ಲವೇ ಎಂದು ಬಾಯಿಯವರೆಗೆ ಬಂತು. ಅವಳ ಮುಖದಲ್ಲಿ ವ್ಯಂಗ್ಯ ಕಾಣಲಿಲ್ಲ. ಬಾಯಿ ಮುಚ್ಚಿಕೊಂಡೆ. ದೊಡ್ಡವಳು ಶನಿವಾರ ವಾಪಸ್ ಬಂದ ಮೇಲೆ ಅಮ್ಮನ ಜೊತೆ ಒಂದು ಗಂಟೆಯಾದರೂ ತಪ್ಪದೆ ಮಾತಾಡುತ್ತಿದ್ದಳಂತೆ, ಈಗ ಅದೂ ಇಲ್ಲವಂತೆ. ಹೇಳಿ ಹೊರಟುಹೋದಳು. ಅಷ್ಟು ದೂರ ಹೋದ ಮೇಲೆ, ಥ್ಯಾಂಕ್ಸ್ ಎಂದೆ. ಕೇಳಿಸಿತೋ ಇಲ್ಲವೋ.

ಮೇ 10, ಶುಕ್ರವಾರ

ಆರು ಗಂಟೆಗೆ ಗೇಟಿನ ಹತ್ತಿರ. ಇಬ್ಬರೂ ಚೀಲ ಹೊತ್ತುಕೊಂಡು ಇಳಿದು ಬಂದರು, ಎರಡು ದಿನದ ಬಟ್ಟೆ, ಪುಸ್ತಕ. ದೊಡ್ಡವಳು ನನ್ನನ್ನು ನೋಡದೆ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ನಾನು ಲಾಕ್ ಮಾಡಿಕೊಂಡಿದ್ದೆ.

ಒಬ್ಬಳು ಹತ್ತಿ, ಒಬ್ಬಳೇ, ಮುಂದೆ ಎಂದೆ. ಚಿಕ್ಕವಳು, ಇದರಲ್ಲಿ ಸೀಟಿದೆಯಲ್ಲ ಎಂದಳು. ಇದೆ, ಇದ್ದರೆ ಏನು, ಒಬ್ಬಳು ಹತ್ತಿ, ಇನ್ನೊಬ್ಬಳಿಗೆ ಮತ್ತೆ ಬರುತ್ತೇನೆ ಎಂದೆ. ಸ್ವಲ್ಪ ಗದರಿಯೇ ಅಂದೆ, ನನ್ನ ಬಾಯಿ ಅಷ್ಟೇ. ದೊಡ್ಡವಳು ಬಾಗಿಲಿನಿಂದ ಕೈ ತೆಗೆದು ಒಂದು ಕ್ಷಣ ಸುಮ್ಮನೆ ನಿಂತಳು. ಆಮೇಲೆ ಮುಂದಿನ ಬಾಗಿಲು ತೆಗೆದು, ತಂಗಿಯ ಚೀಲವನ್ನು ಹಿಂದಿನ ಸೀಟಿನ ಮೇಲೆ ಒಗೆದು, ಅವಳನ್ನು ಮುಂದೆ ತಳ್ಳಿ, ನೀನು ಮೊದಲು ಹೋಗು ಎಂದಳು.

ಮೇಲೆ ಬಾಲ್ಕನಿಯಿಂದ ಅವರಮ್ಮ ಬಗ್ಗಿ ನೋಡಿದಳು. "ಏನ್ರೀ ಇದು? ನಾಲ್ಕು ಸೀಟಿದೆ ಅದರಲ್ಲಿ. ತಲೆ ಕೆಟ್ಟಿದೆಯಾ?"

ಕೆಟ್ಟಿದೆ ಎಂದೆ.

ಚಿಕ್ಕವಳನ್ನು ಬಿಟ್ಟು ವಾಪಸ್ ಹೋದಾಗ ದೊಡ್ಡವಳು ಗೇಟಿನ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಅವರಮ್ಮ. ಚಿಕ್ಕವಳು ಅಲ್ಲಿ ಒಬ್ಬಳೇ ಇದ್ದಾಳಾ ಎಂದು ಅವರಮ್ಮನೇ ಕೇಳಿದಳು. ಟೈಲರಮ್ಮ ಇದ್ದಾರೆ ಎಂದೆ. ಸರಿ ಎಂದಳು. ಅಷ್ಟೇ ಮಾತು. ದೊಡ್ಡವಳು ಮುಂದೆ ಬಂದು ಕೂತು, ಬೆಲ್ಟ್ ಹಾಕಿಕೊಂಡು, ಈ ಡಬ್ಬಾ ಕಾರಿನ ಕಿಟಕಿಗಳನ್ನು ನಾಲ್ಕೂ ಕಡೆ ಪೂರ್ತಿ ಇಳಿಸಿದಳು. ದೊಡ್ಡ ರಸ್ತೆಗೆ ಬರುವವ‌ರೆಗೆ ಮುಖ ಗಾಳಿಗೆ ಒಡ್ಡಿಕೊಂಡಿದ್ದಳು. ಕಾಲೇಜು ರಸ್ತೆಯ ತಿರುವು ಬಂದಾಗ ನಾನು ಕೇಳದೆಯೇ ತಿರುಗಿಸಿದೆ.

"ಅಪ್ಪ, ನಿನಗೊಂದು ವಿಷಯ ಹೇಳಬೇಕು. ಇನ್ನೂ ಯಾರಿಗೂ ಹೇಳಿಲ್ಲ."

ನಾನು ಕಾರು ನಿಧಾನ ಮಾಡಿದೆ. ಅವಳು ಹೇಳಿದಳು, ಪೂರ್ತಿ ಹೇಳಿದಳು, ಈ ಸಲ ನನ್ನ ಕಡೆ ತಿರುಗಿಕೊಂಡೇ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.